ಹತ್ತು ರೂಪಾಯಿ ನಾಣ್ಯ ನಡೆದ ಓಣಿ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಮನೆ ರಾಣೇಬೆನ್ನೂರಿನಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಸಿಕ್ಕರೆ ರೈಲು. ಮೆಣಸಿನಕಾಯಿ ಚೀಲಗಳು ಯಾವತ್ತು ಒಳಗೆ ಬಂದವು, ಯಾರ ಮಾಲು ಯಾವ ಕೋಣೆಯಲ್ಲಿದೆ ಎಂದು ಕಂಪ್ಯೂಟರಿಗೆ ಹಾಕುವುದು, ಹೊರದೇಶದ ಖರೀದಿದಾರರ ಇಂಗ್ಲಿಷ್ ಪತ್ರಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಮೊದಲ ವರ್ಷ ಘಾಟಿಗೆ ಸೀನಿ ಸೀನಿ ಕಣ್ಣಲ್ಲಿ ನೀರು ಬರುತ್ತಿತ್ತು. ಎರಡನೆಯ ವರ್ಷದಿಂದ, ಘಾಟು ಇಲ್ಲದ ಭಾನುವಾರವೇ ಏನೋ ಕಳೆದುಹೋದಂತೆ ಅನಿಸತೊಡಗಿತು.

ಆಫೀಸಿನ ಹಿಂದೆ ಒಂದು ಓಣಿ. ಮಾರುಕಟ್ಟೆ ಅಂಗಳದ ಹಿಂಬಾಗಿಲಿನಿಂದ ಹೊರಟು ಅದು ರೈಲ್ವೆ ಸ್ಟೇಷನ್ ರಸ್ತೆಗೆ ಸೇರುತ್ತದೆ. ಆ ಓಣಿಯಲ್ಲಿ ಮೂರು ತಗಡು ಹೊದಿಸಿದ ಚಪ್ಪರದ ಕೆಳಗೆ ಒಬ್ಬ ಹೆಂಗಸು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಅರವತ್ತರ ಮೇಲಿನ ವಯಸ್ಸು. ಹಮಾಲರು, ಲಾರಿಯವರು, ಆಫೀಸಿನ ನಾವು, ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆವು. ಅವಳ ತವರು ಹಲಗೇರಿ. ಗಂಡ ಮೊದಲು ಅದೇ ಅಂಗಳದಲ್ಲಿ ಚೀಲ ಹೊರುತ್ತಿದ್ದ. ಬೆನ್ನು ಸೋತ ಮೇಲೆ ಅವಳ ಒಲೆಗೆ ಕಟ್ಟಿಗೆ ಸೀಳಿಕೊಟ್ಟು ಅಲ್ಲೇ ಕೂತಿರುತ್ತಿದ್ದ. ಒಂದು ರೊಟ್ಟಿಗೆ ಹತ್ತು ರೂಪಾಯಿ. ಶೇಂಗಾ ಚಟ್ನಿಗೆ ದುಡ್ಡಿಲ್ಲ, ಪಲ್ಯಕ್ಕೆ ಬೇರೆ.

ನಮ್ಮ ಕಡೆ ಹತ್ತು ರೂಪಾಯಿಯ ನಾಣ್ಯದ ಗತಿ ಏನೆಂದು ಇಲ್ಲಿ ಹೇಳಬೇಕು. ಸುತ್ತ ಹಳದಿ ಬಳೆ, ನಡುವೆ ಬಿಳಿಯ ಬಿಲ್ಲೆ. ನೋಡಲಿಕ್ಕೆ ಚೆಂದದ ನಾಣ್ಯ. ಹಾವೇರಿಯಲ್ಲಾಗಲಿ, ರಾಣೇಬೆನ್ನೂರಿನಲ್ಲಾಗಲಿ ಅದನ್ನು ಅಂಗಡಿಯ ಗಲ್ಲೆಯ ಮೇಲೆ ಇಟ್ಟರೆ ಅಂಗಡಿಯವನು ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳುತ್ತಾನೆ. ಜಗಳವಿಲ್ಲ, ಸಿಟ್ಟಿಲ್ಲ. ಖೋಟಾ ಎಂದೂ ಅನ್ನುವುದಿಲ್ಲ. ‘ನಡೀತಾವ್ರಿ, ಆದ್ರ ನಮ್ಮ ಕಡೆ ಯಾರೂ ತಗೊಳ್ಳಾಂಗಿಲ್ಲ’ ಎನ್ನುತ್ತಾನೆ. ಹಿಂದೊಮ್ಮೆ, ನಾಣ್ಯದ ಮೇಲೆ ಇಷ್ಟು ಗೆರೆ ಇದ್ದರೆ ಅಸಲಿ, ಅಷ್ಟು ಗೆರೆ ಇದ್ದರೆ ನಕಲಿ ಎಂದು ಸುದ್ದಿ ಹಬ್ಬಿತ್ತು. ಬ್ಯಾಂಕಿನವರು ಎಲ್ಲವೂ ಅಸಲಿಯೇ ಎಂದು ಫಲಕ ಹಾಕಿದರು. ಸುದ್ದಿಯನ್ನು ಜನ ಮರೆತರು, ಹಿಂದಕ್ಕೆ ತಳ್ಳುವುದು ಮಾತ್ರ ರೂಢಿಯಾಗಿ ಉಳಿಯಿತು. ಹರಿದು, ಟೇಪು ಅಂಟಿಸಿಕೊಂಡು, ಬೆವರಿಗೆ ಬಟ್ಟೆಯಂತಾದ ಹತ್ತರ ನೋಟನ್ನು ಜನ ಬೇಡವೆನ್ನದೆ ತೆಗೆದುಕೊಳ್ಳುತ್ತಾರೆ. ನಾಣ್ಯ ಮಾತ್ರ ಬೇಡ.

ನನ್ನ ತಂಗಿ ಮುಂಬೈಯಲ್ಲಿದ್ದಾಳೆ. ಅಲ್ಲಿ ಆ ನಾಣ್ಯಗಳು ಸಲೀಸಾಗಿ ಓಡಾಡುತ್ತವೆ. ಅವಳ ಮನೆಗೆ ಹೋಗಿ ಬಂದಾಗಲೆಲ್ಲ ನನ್ನ ಪರ್ಸಿನ ತಳದಲ್ಲಿ ಏಳೆಂಟು ಉಳಿದಿರುತ್ತಿದ್ದವು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ ಎಂದಾದ ಮೇಲೆ ಕಂಡಕ್ಟರನಿಗೆ ಕೊಟ್ಟು ನೋಡುವ ದಾರಿಯೂ ಮುಚ್ಚಿತು. ಹೀಗಿರುವಾಗ ಒಂದು ಮಧ್ಯಾಹ್ನ ದೊಡ್ಡವ್ವ ಹಮಾಲನೊಬ್ಬನ ಕೈಯಿಂದ ಅಂಥ ನಾಣ್ಯ ತೆಗೆದುಕೊಂಡು ಸುಮ್ಮನೆ ಸೆರಗಿನ ಗಂಟಿಗೆ ಹಾಕಿಕೊಂಡದ್ದನ್ನು ಕಂಡೆ. ಇದನ್ನು ತಗೋತೀಯಾ ಎಂದು ಕೇಳಿದೆ. ಸರಕಾರದ ಮುದ್ರೆ ಇದೆಯಲ್ಲ, ಯಾಕೆ ಬೇಡವೆನ್ನಲಿ ಎಂದಳು. ಮರುದಿನದಿಂದ ನನ್ನ ರೊಟ್ಟಿಯ ದುಡ್ಡು ನಾಣ್ಯವೇ ಆಯಿತು. ಮುಂಬೈಯ ನಾಣ್ಯಗಳು ಮುಗಿದ ಮೇಲೆ ಮನೆಯ ಡಬ್ಬಿಯಲ್ಲಿ ಬಿದ್ದಿದ್ದವನ್ನೂ ಒಯ್ದೆ. ಪಕ್ಕದ ಮನೆಯವರು, ನಿಮ್ಮಲ್ಲಿ ನಡೆಯುತ್ತವಂತಲ್ಲ ಎಂದು ಕೊಟ್ಟು ನನ್ನಿಂದ ನೋಟು ಪಡೆದರು; ಅವನ್ನೂ ಒಯ್ದೆ. ಇದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಆಗ ಹೊಳೆಯಲೇ ಇಲ್ಲ. ತಗೊಳ್ಳುವವಳು ಖುಷಿಯಿಂದಲೇ ತಗೊಳ್ಳುತ್ತಿದ್ದಾಳೆ ಎಂದುಕೊಂಡಿದ್ದೆ.

ಒಂದು ಮಾರ್ಚ್ ತಿಂಗಳು, ಪೇಟೆ ಜೋರಾಗಿದ್ದಾಗ, ಎರಡು ದಿನ ಅವಳ ಒಲೆ ಹೊತ್ತಲಿಲ್ಲ. ಮೂರನೆಯ ದಿನ ಹೋದರೆ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಅಂಗಾಲಿಗೆ ಬಟ್ಟೆ ಸುತ್ತಿತ್ತು. ಗಂಡ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿದ್ದ. ಏನಾಯಿತು ಎಂದು ಕೇಳಿದಾಗ, ಹಿಟ್ಟಿನಿಂದ ಕೈ ತೆಗೆಯದೆ, ಬೇರೆ ಯಾರಿಗೋ ಆದದ್ದನ್ನು ಹೇಳುವಂತೆ ಹೇಳಿದಳು.

ಗಂಡನಿಗೆ ಹಾವೇರಿಯಲ್ಲಿ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಮತ್ತೆ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಹಿಂದಿನ ದಿನವಷ್ಟೇ ಮೇಡ್ಲೇರಿ ಕಡೆಯ ರೈತನೊಬ್ಬ ಜೋಳ ತಂದಿದ್ದ. ಅವನು ನಾಣ್ಯ ಒಲ್ಲೆ ಎಂದದ್ದಕ್ಕೆ ಇದ್ದ ನೋಟುಗಳನ್ನೆಲ್ಲ ಅವನಿಗೆ ಕೊಟ್ಟಿದ್ದಳು. ಉಳಿದ ಒಂದೆರಡು ನೋಟು ಗಂಡನ ಬಸ್ಸಿನ ಟಿಕೆಟ್ಟಿಗೆ ಹೋಯಿತು. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅವಳ ಸೊಂಟದ ಚೀಲದಲ್ಲಿ ಇದ್ದದ್ದು ಬರೀ ನಾಣ್ಯ. ಆಟೋದವನು ನೋಟಿದ್ದರೆ ಹತ್ತಿ ಎಂದ. ಇನ್ನೊಬ್ಬನೂ ಅದನ್ನೇ ಅಂದ. ಮಟಮಟ ಮಧ್ಯಾಹ್ನ, ಕಣ್ಣಿಗೆ ಪಟ್ಟಿ ಕಟ್ಟಿದ ಗಂಡನ ಕೈಹಿಡಿದು ನಡೆದಳು. ದಾರಿಯಲ್ಲಿ ಅವಳ ಹಳೆಯ ಚಪ್ಪಲಿ ಕಿತ್ತುಹೋಯಿತು. ದವಾಖಾನೆಯಲ್ಲಿ ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು. ಔಷಧಿ ಅಂಗಡಿಯವರು, ಒಂದಲ್ಲ, ಮೂರು ಅಂಗಡಿಯವರು ನಾಣ್ಯ ನೋಡಿ ತಲೆ ಅಲ್ಲಾಡಿಸಿದರು. ಕೊನೆಗೆ ದವಾಖಾನೆಗೇ ತಿರುಗಿ ಹೋದಾಗ ಒಬ್ಬ ನರ್ಸು ತನ್ನ ಮೇಜಿನ ಡ್ರಾಯರಿನಿಂದ ಒಂದು ಸಣ್ಣ ಬಾಟಲಿ ತೆಗೆದು, ಎರಡು ದಿನಕ್ಕೆ ಇದು ಸಾಕು ಎಂದು ಕೊಟ್ಟಳಂತೆ. ಬಸ್‌ಸ್ಟ್ಯಾಂಡಿಗೆ ಮರಳಿ ನಡೆದದ್ದೂ ಬರಿಗಾಲಿನಲ್ಲೇ. ಅಲ್ಲಿ ಬ್ಯಾಡಗಿಯ ಪರಿಚಯದವರು ಸಿಕ್ಕು ಗಂಡನ ಟಿಕೆಟ್ ತೆಗೆಸಿದರು.

ಯಾರನ್ನೂ ಬೈಯಲಿಲ್ಲ ಅವಳು. ಔಷಧಿ ಅಂಗಡಿಯವರನ್ನೂ ಇಲ್ಲ. ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಆ ಚೀಲದಲ್ಲಿದ್ದ ನಾಣ್ಯಗಳಲ್ಲಿ ನನ್ನವೆಷ್ಟು ಎಂದು ಲೆಕ್ಕ ಹಾಕುವ ಧೈರ್ಯ ನನಗೆ ಆಗಲಿಲ್ಲ. ಆ ದಿನ ನೋಟು ಕೊಟ್ಟು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ನೋಟು ತಂದೆ. ಮಧ್ಯಾಹ್ನದ ಜನ ಹೋದ ಮೇಲೆ ಅವಳ ಎದುರು ಕೂತು, ನಿನ್ನ ಹತ್ತಿರ ಇರುವ ನಾಣ್ಯವನ್ನೆಲ್ಲ ನನಗೆ ಕೊಡು, ನೋಟು ತಗೋ ಎಂದೆ. ಯಾಕೆ ಎಂದು ಕೇಳಿದಳು.

“ಅದರಾಗ ನನ್ನವೂ ಅದಾವ ದೊಡ್ಡವ್ವ. ಎಲ್ಲೂ ನಡೀದವನ್ನ ನಿನಗ ತಂದ್ ತಂದ್ ಕೊಟ್ಟೇನಿ.”

“ಗೊತ್ತೈತಲ್ಲ,” ಎಂದಳು ಅವಳು. “ಎಡಗೈಯಾಗ ನೋಟು ಹಿಡಕೊಂಡು ಬಲಗೈಲೆ ಕಾಯಿನ್ ಕೊಡ್ತಿದ್ದಿ. ನಾ ನೋಡಿಲ್ಲೇನು?”

ಅವಳ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಗೊತ್ತಿದ್ದೂ ಯಾಕೆ ತಗೊಂಡೆ ಎಂದು ಕೇಳಿದೆ. ಹಮಾಲನಿಗೆ ಹೂಂ ಅಂದು ನಿನಗೆ ಊಹೂಂ ಅನ್ನಲೇನು ಎಂದಳು. ಆಮೇಲೆ ನನ್ನ ನೋಟುಗಳನ್ನು ನನ್ನ ಕಡೆಗೇ ಸರಿಸಿ, ಈ ನಾಣ್ಯ ತಗೊಂಡು ನೀನೇನು ಮಾಡುತ್ತೀ ಎಂದು ವಿಚಾರಿಸಿದಳು. ಬ್ಯಾಂಕಿಗೆ ಕಟ್ಟುತ್ತೇನೆ ಎಂದೆ. ಬ್ಯಾಂಕಿನವರು ಏನು ಮಾಡುತ್ತಾರೆ? ಬೆಳಿಗ್ಗೆ ಬ್ಯಾಂಕಿನ ಕ್ಯಾಶಿಯರ್ ಅಂದ ಮಾತನ್ನೇ ಹೇಳಿದೆ: ಕಟ್ಟುವವರು ಕಟ್ಟುತ್ತಾರೆ, ವಾಪಸ್ ಒಯ್ಯುವವರು ಯಾರೂ ಇಲ್ಲ, ಖಜಾನೆಯಲ್ಲಿ ಚೀಲಗಟ್ಟಲೆ ಬಿದ್ದಿವೆ.

ಅವಳು ಹಂಚನ್ನು ಒಲೆಯಿಂದ ಇಳಿಸಿದಳು. ಹಂಗಾದರೆ ಅದನ್ನು ರೊಕ್ಕ ಅಂತ ಯಾಕೆ ಮಾಡುತ್ತಾರೆ ಎಂದಳು. ಅವಳ ಒತ್ತಾಯಕ್ಕೆ ಅರ್ಧದಷ್ಟು ನಾಣ್ಯಗಳನ್ನಷ್ಟೇ ನಾನು ಬದಲಿಸಿಕೊಂಡೆ. ಗಂಡನ ಕಣ್ಣಿನ ಹನಿ ಮತ್ತು ಒಂದು ಜೊತೆ ಚಪ್ಪಲಿ ನಾನೇ ತಂದುಕೊಟ್ಟೆ. ಹನಿ ತಗೊಂಡಳು. ಚಪ್ಪಲಿಗೆ ದುಡ್ಡು ಕೊಟ್ಟಳು.

ಅದಾಗಿ ಎರಡು ವಾರಕ್ಕೆ ಅಮೆರಿಕದಿಂದ ಒಬ್ಬ ಖರೀದಿದಾರರು ಬಂದರು. ನಮ್ಮ ಮೆಣಸಿನಕಾಯಿಯಿಂದ ಕೆಂಪು ಬಣ್ಣ ತೆಗೆಯುವ ಕಂಪನಿಯವರು. ಎತ್ತರದ, ಮೆತ್ತನೆ ಮಾತಿನ ಮನುಷ್ಯ, ವಯಸ್ಸು ನನ್ನ ತಂದೆಯಷ್ಟು. ಅವರ ಮಾತನ್ನು ಕನ್ನಡಕ್ಕೆ ಹೊರಳಿಸಿ ಹೇಳಲು ಮಾಲೀಕರು ನನ್ನನ್ನು ಜೊತೆಗೆ ಕಳಿಸಿದ್ದರು. ಇಡೀ ಬೆಳಿಗ್ಗೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ರಾಶಿಯಿಂದ ರಾಶಿಗೆ ಹೋಗಿ ಕಾಯಿ ಮುರಿದು ನೋಡಿದರು. ಮಧ್ಯಾಹ್ನ ಹೋಟೆಲಿಗೆ ಕರೆದರೆ, ಎಣ್ಣೆಯದು ಬೇಡ, ಈ ಜನರೆಲ್ಲ ಎಲ್ಲಿ ಉಣ್ಣುತ್ತಾರೋ ಅಲ್ಲಿಗೆ ಹೋಗೋಣ ಎಂದರು. ಹೀಗೆ ಅವರು ದೊಡ್ಡವ್ವನ ಚಪ್ಪರದ ಕೆಳಗಿನ ಹಲಗೆಯ ಮೇಲೆ, ಮೊಣಕಾಲು ಎದೆಗೆ ಬರುವಂತೆ ಕೂತರು. ಮೂರು ರೊಟ್ಟಿ ತಿಂದರು.

ಏಳುವಾಗ ನಾನು ತಡೆದರೂ ಕೇಳದೆ ನೂರರ ನೋಟು ಕೊಟ್ಟರು. ದೊಡ್ಡವ್ವನ ಬಳಿ ಚಿಲ್ಲರೆ ನೋಟಿರಲಿಲ್ಲ, ನಾಣ್ಯ ಎಣಿಸಿ ಕೊಟ್ಟಳು. ಅವರು ಅದರ ಎರಡು ಬಣ್ಣ ನೋಡಿ ಖುಷಿಪಟ್ಟರು. ಅವು ಇಲ್ಲಿ ನಡೆಯುವುದಿಲ್ಲ ಎಂದು ನಾನು ನಾಚಿಕೆಯಿಂದಲೇ ಹೇಳಬೇಕಾಯಿತು. ಯಾಕೆ ಎಂದು ಕೇಳಿದರು. ಕಾನೂನಿನ ಪ್ರಕಾರ ನಡೆಯುತ್ತವೆ, ಆದರೆ ಯಾರೂ ತಗೊಳ್ಳುವುದಿಲ್ಲ ಎಂದೆ. ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ಚರ್ಮದ ಪಾಕೀಟಿನ ಒಳಗಿನಿಂದ ಒಂದು ನಾಣ್ಯ ತೆಗೆದು ದೊಡ್ಡವ್ವನ ಅಂಗೈ ಮೇಲೆ ಇಟ್ಟರು. ಪೂರ್ತಿ ಹಳದಿ, ಅಂಚಿನಲ್ಲಿ ಸ್ವಲ್ಪ ಕಂದು. ಒಂದು ಡಾಲರ್ ಎಂದರು.

“ಡಾಲರ್ ಅಂದ್ರ ಕೊರಳಾಗಿನ ಸರಕ್ಕ ಹಾಕೋದಲ್ಲ?” ಎಂದು ದೊಡ್ಡವ್ವ ನನ್ನನ್ನು ಕೇಳಿದಳು. ಅಲ್ಲ, ಇದು ಅವರ ರೂಪಾಯಿ ಎಂದೆ. ಅದರ ಮೇಲೆ ಬೆನ್ನಿಗೆ ಕೂಸು ಕಟ್ಟಿಕೊಂಡ ಹೆಂಗಸಿನ ಚಿತ್ರವಿತ್ತು. ದೊಡ್ಡವ್ವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಕೂಸು ಕಟ್ಟಿಕೊಂಡೇ ದುಡಿಯಲಿಕ್ಕೆ ಹೊರಟಿದ್ದಾಳೆ ಎಂದಳು.

ನಮ್ಮಲ್ಲೂ ಇದು ನಡೆಯುವುದಿಲ್ಲ ಎಂದರು ಅವರು. ನನಗೆ ನಂಬಿಕೆ ಬರಲಿಲ್ಲ. ಯಾಕೆಂದು ನಾನೇ ಕೆದಕಿ ಕೇಳಿದೆ. ಅವರು ಹೇಳಿದ್ದನ್ನು ಸ್ವಲ್ಪ ಸ್ವಲ್ಪವಾಗಿ ದೊಡ್ಡವ್ವನಿಗೆ ಹೊರಳಿಸಿದೆ. ಅವರ ಸರಕಾರ ಡಾಲರಿನ ನಾಣ್ಯ ಮಾಡಿತು, ಆದರೆ ಒಂದು ಡಾಲರಿನ ನೋಟು ಅಚ್ಚು ಹಾಕುವುದನ್ನು ನಿಲ್ಲಿಸಲಿಲ್ಲ. ಹಗುರ ನೋಟು ಕೈಗೆ ಸಿಗುವಾಗ ಭಾರದ ನಾಣ್ಯ ಯಾರಿಗೆ ಬೇಕು? ಹಿಂದೊಮ್ಮೆ ಮಾಡಿದ ಡಾಲರ್ ನಾಣ್ಯ, ಅವರ ಕಾಲು ಡಾಲರಿನ ನಾಣ್ಯದ ಹಾಗೇ ಬೆಳ್ಳಗೆ, ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿದ್ದು, ಜನ ಒಂದಕ್ಕೆ ಇನ್ನೊಂದು ಕೊಟ್ಟು ಮೋಸಹೋದರು. ಅದಕ್ಕೇ ಆಮೇಲೆ ಹಳದಿ ಮಾಡಿದರು. ಅಷ್ಟರಲ್ಲಿ ಬೇಡವೆನ್ನುವ ರೂಢಿ ಕೂತಿತ್ತು. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಅದಕ್ಕೆಂದು ಒಂದು ಮನೆ ಕೂಡ ಇರುವುದಿಲ್ಲ. ಕೊಟ್ಟರೆ ಅಂಗಡಿಯವರು ತಗೊಳ್ಳುತ್ತಾರೆ, ಆದರೆ ಇನ್ನೊಬ್ಬರಿಗೆ ಕೊಡದೆ ಬ್ಯಾಂಕಿಗೆ ಕಳಿಸುತ್ತಾರೆ. ಜನರ ಕೈಗೆ ಬಂದರೆ ಅಪರೂಪದ್ದು ಎಂದು ಮನೆಯ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾರೆ. ಡಬ್ಬಿಯಲ್ಲಿ ಇಡುವುದರಿಂದಲೇ ಅದು ಅಪರೂಪವಾಗುತ್ತದೆ. ಹಾಲುಹಲ್ಲು ಬಿದ್ದ ಮಗುವಿನ ದಿಂಬಿನ ಕೆಳಗೆ ದುಡ್ಡಿಡುವುದು ಅವರ ಪದ್ಧತಿಯಂತೆ; ಮೊಮ್ಮಕ್ಕಳ ಹಲ್ಲು ಬಿದ್ದಾಗ ಇಡಲಿಕ್ಕೆ ತಾವೂ ಒಂದಷ್ಟು ಇಟ್ಟುಕೊಂಡಿದ್ದೇವೆ ಎಂದರು.

ದೊಡ್ಡವ್ವ ಎಲ್ಲ ಕೇಳಿ, ಅದನ್ನು ನಡೆಯುವ ಹಾಗೆ ಮಾಡಲಿಕ್ಕೆ ಆಗುವುದಿಲ್ಲವೇ ಎಂದು ಕೇಳಿದಳು. ನೋಟು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ನಡೆಯುತ್ತದೆ ಎಂದರು ಅವರು. ನಿಲ್ಲಿಸುವ ಮನಸ್ಸು ಯಾರಿಗೂ ಇಲ್ಲ. ನಾಣ್ಯ ಕೆಟ್ಟದ್ದೆಂದು ಯಾರೂ ಅನ್ನುವುದಿಲ್ಲ. ಮುಂದಿನವನು ಏನನ್ನುತ್ತಾನೋ ಎಂದು ಎಲ್ಲರೂ ಕಾಯುತ್ತಾರೆ, ಅಷ್ಟೆ.

“ಹಂಗಾರ ಅಲ್ಲಿ ಕೊಡಾವ್ರಿಲ್ಲ, ಇಲ್ಲಿ ತಗೊಳ್ಳಾವ್ರಿಲ್ಲ,” ಎಂದಳು ದೊಡ್ಡವ್ವ.

ಆ ನಾಣ್ಯ ನೀವೇ ಇಟ್ಟುಕೊಳ್ಳಿ ಎಂದು ಅವರು ಕೈಮುಗಿದರು. ಅವಳು ಅದನ್ನು ಸೆರಗಿನಿಂದ ಒರೆಸಿ ಅವರ ಕೈಗೇ ಮರಳಿಸಿದಳು. ನಡೆಯದವು ನನ್ನ ಹತ್ತಿರ ಬೇಕಾದಷ್ಟಿವೆ, ಇನ್ನೊಂದು ಯಾಕೆ ಎಂದು ಹೇಳು ಅವರಿಗೆ ಎಂದಳು. ಹೇಳಿದೆ. ಅವರು ನಕ್ಕರು, ನಕ್ಕದ್ದಕ್ಕೆ ಘಾಟು ನೆತ್ತಿಗೇರಿ ಕೆಮ್ಮಿದರು. ನಮ್ಮ ನಾಣ್ಯಗಳನ್ನು ಮಾತ್ರ ಜೇಬಿಗೆ ಹಾಕಿಕೊಂಡು ಹೋದರು.

ಮುಂದಿನ ಸೋಮವಾರ ನಾನು ಹೋದಾಗ ದೊಡ್ಡವ್ವ ಒಲೆಯ ಹತ್ತಿರ ಇರಲಿಲ್ಲ. ಓಣಿಯ ಇನ್ನೊಂದು ತುದಿಯ ಹಿಟ್ಟಿನ ಗಿರಣಿಯ ಮುಂದೆ ನಿಂತಿದ್ದಳು. ಗಿರಣಿಯವನು ಒಳ್ಳೆಯವನೇ, ಆದರೆ ದುಡ್ಡಿನ ವಿಷಯದಲ್ಲಿ ಗಟ್ಟಿ. ಹಿಟ್ಟು ಬೀಸಿದ್ದಕ್ಕೆ ಅವಳು ನಾಣ್ಯ ಕೊಟ್ಟಿದ್ದಳು, ಅವನು ಬೇಡವೆಂದಿದ್ದ.

“ನಾ ಯಾರಿಗೆ ಕೊಡ್ಲಿ ಇವನ್ನ? ನನ್ನ ಹಂತ್ಯಾಕ ಉಳದ್ರ ಏನ್ ಮಾಡೂದು?” ಎಂದ ಗಿರಣಿಯವನು.

“ಉಳದ್ರ ನನಗ ತಂದ್ ಕೊಡು,” ಎಂದಳು ದೊಡ್ಡವ್ವ. “ನೋಟ್ ಕೇಳಿದ್ರ ನೋಟ್ ಕೊಡ್ತೇನಿ, ರೊಟ್ಟಿ ಕೇಳಿದ್ರ ರೊಟ್ಟಿ. ನಾ ಇಲ್ಲೇ ಇರ್ತೇನಿ, ಎಲ್ಲಿ ಹೋಗಾಕಿ?”

ಗಿರಣಿಯವನು ನನ್ನ ಮುಖ ನೋಡಿದ. ಒಲ್ಲದ ಮನಸ್ಸಿನಿಂದ ಐದು ನಾಣ್ಯ ತಗೊಂಡ. ಇದೇ ಮಾತನ್ನು ಅವಳು ಆ ವಾರ ಚಹಾದಂಗಡಿಯವನಿಗೆ ಹೇಳಿದಳು, ಕಾಯಿಪಲ್ಯ ಮಾರುವ ಹೆಂಗಸಿಗೆ ಹೇಳಿದಳು, ಸ್ಟೇಷನ್ನಿಗೆ ಟಂಟಂ ಓಡಿಸುವವನಿಗೆ ಹೇಳಿದಳು. ಆ ವಾರಕ್ಕೆಂದು ನಾನು ಅವಳಿಗೆ ಒಂದಷ್ಟು ಹತ್ತರ ನೋಟು ತಂದುಕೊಟ್ಟೆ. ಯಾರಾದರೂ ಮರಳಿ ತಂದರೆ ಕೈ ಖಾಲಿ ಇರಬಾರದು ಎಂದು ಅವಳೇ ಕೇಳಿದ್ದಳು. ಅವಳು ನನ್ನ ಬಳಿ ಕೇಳಿ ಪಡೆದದ್ದು ಅದೊಂದೇ.

ಮೂರನೆಯ ದಿನ ಗಿರಣಿಯವನು ಐದೂ ನಾಣ್ಯ ಹಿಡಿದುಕೊಂಡು ಬಂದ. ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ದೊಡ್ಡವ್ವ ಐದು ನೋಟು ಎಣಿಸಿ ಕೊಟ್ಟಳು. ಅವನು ನೋಟು ತಗೊಂಡು ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು, ರೊಟ್ಟಿ ತಿಂದು, ಅದರಲ್ಲೇ ಒಂದು ನೋಟು ಕೊಟ್ಟು ಹೋದ. ಪರೀಕ್ಷೆ ಮಾಡಲು ಬಂದಿದ್ದ ಎಂದು ನಮಗೆ ಗೊತ್ತಾಯಿತು. ಮರುದಿನ ಅವಳು ಹಿಟ್ಟಿಗೆ ಮತ್ತೆ ನಾಣ್ಯವನ್ನೇ ಕೊಟ್ಟಳು, ಅವನು ತಕರಾರಿಲ್ಲದೆ ತಗೊಂಡ. ಮತ್ತೆಂದೂ ವಾಪಸ್ ತರಲಿಲ್ಲ. ಅವನು ಅದನ್ನು ಚಹಾದಂಗಡಿಗೆ ಕೊಟ್ಟ. ಚಹಾದವನು ಕಾಯಿಪಲ್ಯದವಳಿಗೆ ಕೊಟ್ಟ. ಅವಳು ಟಂಟಂಗೆ ಕೊಟ್ಟಳು. ಟಂಟಂನವನು ಹಮಾಲರಿಗೆ ಚಿಲ್ಲರೆಯಾಗಿ ಕೊಟ್ಟ, ಅವರು ದೊಡ್ಡವ್ವನ ರೊಟ್ಟಿ ತಿಂದರು.

ಬೇಸಿಗೆ ಮುಗಿಯುವ ಹೊತ್ತಿಗೆ ಅಂಗಳದ ಹಿಂಬಾಗಿಲಿನಿಂದ ಸ್ಟೇಷನ್ನಿನವರೆಗೆ ಹತ್ತು ರೂಪಾಯಿಯ ನಾಣ್ಯ ಯಾವ ಪ್ರಶ್ನೆಯೂ ಇಲ್ಲದೆ ನಡೆಯುತ್ತಿತ್ತು. ಹಿಟ್ಟಿನ ಧೂಳು, ಮೆಣಸಿನಕಾಯಿಯ ಕೆಂಪು ಮೆತ್ತಿಕೊಂಡ ನಾಣ್ಯಗಳು. ಕಣ್ಣಿಗೆ ಕೈ ಮುಟ್ಟಿಸಿಕೊಂಡರೆ ಉರಿಯುತ್ತಿತ್ತು. ಅಲ್ಲಿಂದ ಒಂದು ರಸ್ತೆ ದಾಟಿದರೆ ಮತ್ತೆ ಅದೇ ಒಂದು ಬೆರಳಿನ ತಳ್ಳುವಿಕೆ. ಪೇಟೆಯ ದೊಡ್ಡ ಅಂಗಡಿಗಳಿಗೂ ಹೇಳಿ ನೋಡು ಎಂದು ನಾನು ಅವಳನ್ನು ಹುರಿದುಂಬಿಸಿದೆ. ಅವಳು ಒಪ್ಪಲಿಲ್ಲ. ನನ್ನ ಮುಖ ಗೊತ್ತಿರುವವರಿಗಷ್ಟೇ ನಾನು ಮಾತು ಕೊಡಬಹುದು ಎಂದಳು. ಮೇಡ್ಲೇರಿಯ ಜೋಳದವನೂ ಕೊನೆಯವರೆಗೆ ಒಪ್ಪಲಿಲ್ಲ. ಅವನಿಗೆಂದು ಅವಳು ನೋಟುಗಳನ್ನು ಬೇರೆ ಕಟ್ಟಿ ಇಡುವುದನ್ನು ಕಲಿತಳು. ಔಷಧಿಗೆ ಬೇಕಾಗುವುದನ್ನೂ ಹಾಗೇ ಬೇರೆ ಇಟ್ಟಳು.

ಎರಡು ವರ್ಷದ ಹಿಂದೆ ನಾನು ಆ ಕೆಲಸ ಬಿಟ್ಟು ಹಾವೇರಿಯ ಒಂದು ಆಫೀಸಿಗೆ ಸೇರಿದೆ. ಇಲ್ಲಿ ಮೊದಮೊದಲು ನಾನೂ ದೊಡ್ಡವ್ವನ ಮಾತನ್ನೇ ಹೇಳಿ ನೋಡಿದೆ. ಆಫೀಸಿನ ಕೆಳಗಿನ ಬೇಕರಿಯವನಿಗೆ ನಾಣ್ಯ ಕೊಟ್ಟು, ನಡೆಯದಿದ್ದರೆ ನಾಳೆ ನಾನೇ ವಾಪಸ್ ತಗೊಳ್ಳುತ್ತೇನೆ ಎಂದೆ. ಅವನು ನಕ್ಕು, ಅಷ್ಟೆಲ್ಲ ಯಾಕ್ರಿ, ಫೋನಿನಲ್ಲೇ ಹಾಕಿಬಿಡಿ ಎಂದು ಗೋಡೆಗೆ ಅಂಟಿಸಿದ ಚೌಕದ ಚಿತ್ರ ತೋರಿಸಿದ. ನಾಳೆಯೂ ಅದೇ ಜಾಗದಲ್ಲಿ ಇರುತ್ತೇನೆ ಎಂದು ಅವನಿಗೆ ನನ್ನ ಮೇಲೆ ನಂಬಿಕೆ ಬರಲು ಕಾರಣವೇನೂ ಇರಲಿಲ್ಲ. ನಾನು ಫೋನಿನಲ್ಲೇ ಹಾಕಿದೆ.

ಕಳೆದ ತಿಂಗಳು ಬ್ಯಾಡಗಿಗೆ ಹೋಗಿದ್ದೆ. ದೊಡ್ಡವ್ವನ ಚಪ್ಪರದಲ್ಲೂ ಅಂಥದೇ ಚೌಕದ ಚಿತ್ರ ತೂಗುಹಾಕಿದ್ದರು. ಹರೆಯದ ಹಮಾಲರೆಲ್ಲ ಫೋನು ಹಿಡಿಯುತ್ತಾರೆ, ಪಕ್ಕದಲ್ಲಿಟ್ಟ ಸಣ್ಣ ಪೆಟ್ಟಿಗೆಯೊಂದು ಬಂದ ದುಡ್ಡನ್ನು ಕೂಗಿ ಹೇಳುತ್ತದೆ. ಅವಳಿಗೆ ಅದರ ಗದ್ದಲ ಇಷ್ಟವಿಲ್ಲ, ಗಂಡನಿಗೆ ಬಹಳ ಇಷ್ಟ. ಅವನ ಕಣ್ಣು ಚೆನ್ನಾಗಿದೆ. ಈಗ ರೊಟ್ಟಿ ಎಣಿಸಿ ಕೊಡುವವನು ಅವನೇ. ನಾಣ್ಯ ಇನ್ನೂ ನಡೆಯುತ್ತದೆಯೇ ಎಂದು ಕೇಳಿದೆ. ಕಡಿಮೆಯಾಗಿದೆ, ಆದರೂ ವಯಸ್ಸಾದವರು ಕೊಡುತ್ತಾರೆ, ತಗೊಳ್ಳುತ್ತಾರೆ ಎಂದ. ಗಿರಣಿಯವನ ಮಗ ಹಿಟ್ಟಿನ ಚೀಲ ಇಳಿಸಿ ದುಡ್ಡಿಗೆ ನಿಂತಿದ್ದ. ಮುದುಕ ನಾಣ್ಯಗಳನ್ನು ಅವನ ಕೈಗೆ ಹಾಕಿದ. ಅವನು ನೋಡಲೂ ಇಲ್ಲ, ಜೇಬಿಗೆ ಹಾಕಿಕೊಂಡು, ನಾಳೆ ಗಿರಣಿ ಬಂದ್ ಇರುತ್ತದೆ, ಇವತ್ತೇ ಇನ್ನೊಂದು ಚೀಲ ಬೀಸಿಬಿಡಲೇ ಎಂದು ದೊಡ್ಡವ್ವನನ್ನು ಕೇಳಿದ. ಅವಳು ಹೂಂ ಎಂದು, ನನ್ನ ಕಡೆಗೆ ಒಂದು ಬಿಸಿ ರೊಟ್ಟಿ ಸರಿಸಿದಳು.